ಹತ್ತನೆಯ ಹೆಸರು

ಬೈತಖೋಲದ ಧಕ್ಕೆ, ಬೆಳಗಿನ ಆರೂಕಾಲು.
ದೇವಗಡದ ದೀಪ ಇನ್ನೂ ಸುತ್ತುತ್ತಿದೆ.
ಐಸ್ ಪ್ಲಾಂಟಿನ ನನ್ನ ಮೇಜಿನ ಮೇಲೆ
ರಸೀದಿ ಪುಸ್ತಕಕ್ಕೆ ಒರಗಿ ನಿಂತ ಮೊಬೈಲು:
ಅಲ್ಲಿ, ನಿನ್ನೆಯ ರಾತ್ರಿ ಇನ್ನೂ ಮುಗಿಯದ ಯಾವುದೋ ಊರಲ್ಲಿ
ಹತ್ತು ಜನ ಒಂದು ಚೆಂಡಿನ ಹಿಂದೆ.

ಇಲ್ಲಿ ನಾವು ನಾಲ್ವರು ಒಂದು ಮತದ ಹಿಂದೆ.
ಆಲ್ ಸ್ಟಾರ್ ಪಂದ್ಯಕ್ಕೆ ಯಾರು ಯೋಗ್ಯರು?
ಪೂರ್ವಕ್ಕೆ ಐವರು, ಪಶ್ಚಿಮಕ್ಕೆ ಐವರು.
ದಿನಕ್ಕೊಂದೇ ಸಲ ಒತ್ತಬಹುದು, ಇವತ್ತು ಕೊನೆ.
"ಪಶ್ಚಿಮ ಅಂದರೆ ಪೂರಾ ಸಮುದ್ರ ಮಾರಾಯ,
ಐದು ಹೆಸರು ಎಲ್ಲಿಗೆ ಸಾಕು?" ಎಂದ ಉಲ್ಲಾಸ ತಾಂಡೇಲ
ಗಮ್ ಬೂಟು ಬೋರಲು ಹಾಕಿ ನೀರು ಸುರಿಯುತ್ತ.

ಅವರ ನಿಜ ಹೆಸರು ನಮ್ಮ ನಾಲಿಗೆಗೆ ಮುಳ್ಳು.
ಅದಕ್ಕೇ ನಾವೇ ಇಟ್ಟುಕೊಂಡದ್ದು:
ಏಳಡಿಯವ ಮೋರಿ.
ಮೂರು ಪಾಯಿಂಟಿನ ಗೆರೆಯಾಚೆ ಮಿಂಚಿ ಮಾಯವಾಗುವವ ಇಸವಣ.
ಮೊಣಕಾಲು ಹಿಡಿದು ಅರ್ಧ ಸೀಸನ್ ಬೆಂಚಿನಲ್ಲೇ ಕೂತವ
ಒಣಮೀನು. ಅವನಿಗೂ ಲಕ್ಷಗಟ್ಟಲೆ ಮತ!
"ಹಳೇ ಹೆಸರಿನ ವಾಸನೆ ಅದು,
ಡಬ್ಬಿ ತೊಳೆದರೂ ಹೋಗುವುದಿಲ್ಲ" ಎಂದಳು ಸೆರಾಫಿನಾ.
ಹರಾಜು ಕೂಗುವವಳು,
ಬುಟ್ಟಿಯ ಮೇಲಿನ ಸಾಲನ್ನು ಯಾವತ್ತೂ ನಂಬದವಳು.

ಒಂಬತ್ತು ಹೆಸರು ಚಹಾ ಆರುವುದರೊಳಗೆ ಮುಗಿದವು.
ಹತ್ತನೆಯದಕ್ಕೆ ಇಸವಣ ಎಂದು ನಾನು ಬೆರಳೆತ್ತಿದಾಗ
ಬಾಗಿಲ ಹತ್ತಿರ ಕುಕ್ಕರುಗಾಲಲ್ಲಿದ್ದ ಗಣಪು ಹರಿಕಂತ್ರ
"ಎಂಟನೇ ನಂಬರಿನವ?" ಎಂದ.

ಉಲ್ಲಾಸ ನಕ್ಕ. "ಪಂದ್ಯಕ್ಕೆ ಆರು ಪಾಯಿಂಟು ಅವನದು.
ಆರು! ನನ್ನ ಅಜ್ಜಿ ಹಾಕುತ್ತಾಳೆ."

"ಹಿಂದೆ ಓಡಿಸು," ಎಂದ ಗಣಪು. ಓಡಿಸಿದೆ.
ಇಸವಣನ ಚೆಂಡು ಬಳೆಯೊಳಗಿಂದ ಹೊರಬಂದು
ಅವನ ಕೈಗೇ ಹಿಂತಿರುಗಿತು.
"ಇನ್ನೂ ಹಿಂದೆ. ಹಾಂ, ಈಗ ಚೆಂಡು ಬಿಡು, ಎಡಗಡೆ ನೋಡು."
ಎಡಗಡೆ ಎಂಟರವ, ಧಕ್ಕೆಯ ಗೂಟದ ಹಾಗೆ.
ಓಡಿಬಂದ ಎದುರಾಳಿಯ ಭುಜ ಅವನ ಎದೆಗೆ ಬಡಿದು,
ಹಲ್ಲು ಕಚ್ಚಿದ್ದೂ ಕಾಣುತ್ತಿತ್ತು.
ಆ ಒಂದೂವರೆ ಸೆಕೆಂಡಿನಲ್ಲೇ ಇಸವಣ ಒಬ್ಬಂಟಿ, ನಿರಾಳ.

ಯಾರೂ ಮಾತಾಡಲಿಲ್ಲ.
ಪರ್ಸೀನ್ ಬಲೆ ಬಿಡುವಾಗ ಸಣ್ಣ ದೋಣಿಯಲ್ಲಿ
ಕತ್ತಲಲ್ಲಿ ಬಲೆಯ ತುದಿ ಹಿಡಿದು ನಿಲ್ಲುವವ ಗಣಪು.
ದೊಡ್ಡ ಬೋಟು ಸುತ್ತು ಹಾಕಿ ಬರುವತನಕ
ಅವ ಅಲುಗಬಾರದು.
ಹೋದ ವಾರದ ಪಾಲು: ತಾಂಡೇಲನಿಗೆ ಎರಡೂವರೆ, ಅವನಿಗೆ ಒಂದು.
ಬರೆದವ ನಾನು.

"ನೀರಿನ ಬಣ್ಣ ನೋಡಿ ಮೀನು ಇಲ್ಲಿದೆ ಅನ್ನುವವ ಇಲ್ಲದಿದ್ದರೆ
ತುದಿ ಹಿಡಿದು ಏನು, ಹಗ್ಗ ನೆಕ್ಕುವುದಾ?"
ಉಲ್ಲಾಸ ಹೇಳಿದ್ದು ಎಂಟರವನಿಗೆ.
ಅದೂ ಸುಳ್ಳಲ್ಲ.

ಕಾಲೇಜಿನಲ್ಲಿ ನಾನು ಆಡಿದವನಲ್ಲ, ಸ್ಕೋರ್ ಬರೆದವ.
ಆ ಪುಸ್ತಕದಲ್ಲಿ ಹಾಕಿದ್ದಕ್ಕೆ ಕಾಲಮ್ಮು, ತಪ್ಪಿದ್ದಕ್ಕೆ ಕಾಲಮ್ಮು,
ಫೌಲಿಗೂ ಕಾಲಮ್ಮು.
ಅಡ್ಡ ನಿಂತದ್ದಕ್ಕೆ ಇರಲಿಲ್ಲ.
ಈ ಪುಸ್ತಕದಲ್ಲೂ ಇಲ್ಲ.

ಹೊರಗೆ ಹಾರ್ನು. ಬುಟ್ಟಿಗಳು ಇಳಿದವು.
ಸೆರಾಫಿನಾ ಸೆರಗು ಸಿಕ್ಕಿಸಿ ಎದ್ದಳು:
"ಎಂಟರವನನ್ನು ನೋಡಲು ಯಾರೂ ಟಿಕೆಟು ತೆಗೆಯುವುದಿಲ್ಲ.
ಆದರೂ ಹಾಕು. ಒಂದಾದರೂ ಬೀಳಲಿ."

ನಾನು ಗಣಪುವಿನ ಮುಖ ನೋಡಿದೆ.
"ಬೇಡ," ಎಂದ. "ಇಸವಣನಿಗೇ ಒತ್ತು.
ಆ ಮೆರವಣಿಗೆ ಪಂದ್ಯದಲ್ಲಿ ಯಾರೂ ಯಾರಿಗೂ ಅಡ್ಡ ನಿಲ್ಲುವುದಿಲ್ಲ,
ಹೋದ ವರ್ಷ ನೋಡಿದೆನಲ್ಲ.
ಎಂಟರವನಿಗೆ ಅಲ್ಲೇನು ಕೆಲಸ?
ಆ ಮೂರು ದಿನ ಮನೆಯಲ್ಲಿ ಮಲಗಲಿ,
ಎದೆಗೆ ಎಣ್ಣೆ ತಿಕ್ಕಿಸಿಕೊಳ್ಳಲಿ."

ಒತ್ತಿದೆ. ಪರದೆಯ ಮೇಲೆ ಒಂದು ನಕ್ಷತ್ರ ಅರಳಿ ಆರಿತು.
ಐಸ್ ಪುಡಿಮಾಡುವ ಯಂತ್ರ ಗರಗರ ಶುರುವಾಯಿತು.
ಅದರ ಸದ್ದಿನೊಳಗೇ, ಬಾಗಿಲು ದಾಟುತ್ತ,
ಬೆನ್ನು ತಿರುಗಿಸಿಯೇ ಅವನೆಂದ:
"ನಮ್ಮ ಪಾಲಿನ ಲೆಕ್ಕ ಮಾತ್ರ
ಸಂಜೆ ಇನ್ನೊಮ್ಮೆ ತೆಗೆದು ನೋಡು."